ಆಸ್ಪತ್ರೆಯಲ್ಲಿ ಕಾಯುವ ಜನರ ಸಿಟ್ಟು ಏರಿದಾಗ: ಸಿಬ್ಬಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಚೀಟಿ ಕೌಂಟರ್, ಒಪಿಡಿ (ಹೊರರೋಗಿ ವಿಭಾಗ) ಬಾಗಿಲು, ಲ್ಯಾಬ್, ಔಷಧಿ ಕಿಟಕಿ, ತುರ್ತು ವಿಭಾಗದ ಮುಂದೆ ಕೆಲಸ ಮಾಡುವವರಿಗಾಗಿ ಬರೆದದ್ದು: ಶುಶ್ರೂಷಾಧಿಕಾರಿಗಳು, ಡಿ ಗ್ರೂಪ್ ನೌಕರರು, ಸೆಕ್ಯೂರಿಟಿಯವರು, ಸರ್ಕಾರಿ ಆರೋಗ್ಯ ಯೋಜನೆಗಳಿಗೆ ನೆರವಾಗುವ ಆರೋಗ್ಯ ಮಿತ್ರರು, ಕಂಪ್ಯೂಟರ್ ಆಪರೇಟರ್‌ಗಳು. ವೈದ್ಯರ ಮೇಲೆ ಕೈ ಮಾಡಿದರೆ ಪತ್ರಿಕೆಯಲ್ಲಿ ಬರುತ್ತದೆ. ಅದಕ್ಕೆ ಮುಂಚೆ ದಿನವಿಡೀ ಬೈಗುಳ ಕೇಳಿಸಿಕೊಳ್ಳುವವರು ಇವರು, ತರಬೇತಿ ಕಡಿಮೆ ಸಿಗುವುದೂ ಇವರಿಗೇ.

ಜನ ನಮ್ಮ ಮೇಲೆ ಇಷ್ಟು ಬೇಗ ಯಾಕೆ ರೇಗುತ್ತಾರೆ?

ನಿಮ್ಮ ಕಿಟಕಿ ಮುಟ್ಟುವ ಹೊತ್ತಿಗೆ ಅವರ ಅರ್ಧ ದಿನ ಕಳೆದಿರುತ್ತದೆ. ಮೊದಲ ಬಸ್ಸು ಹಿಡಿದು, ಆ ದಿನದ ಕೂಲಿ ಬಿಟ್ಟು, ದನಕ್ಕೆ ಮೇವು ಹಾಕಲು ಯಾರಿಗೋ ಹೇಳಿ ಬಂದಿರುತ್ತಾರೆ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಇದ್ದವರು ರಾತ್ರಿಯಿಂದ ಏನೂ ತಿಂದಿರುವುದಿಲ್ಲ. ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು, ರಕ್ತ ಕೊಡಲು ಒಂದು, ರಿಪೋರ್ಟಿಗೆ ಒಂದು, ಅದನ್ನು ತೋರಿಸಲು ಮತ್ತೆ ಡಾಕ್ಟರ ಸಾಲು, ಕೊನೆಗೆ ಮಾತ್ರೆಗೆ ಇನ್ನೊಂದು. ಔಷಧಿ ಕಿಟಕಿಯ ಮುಂದೆ ಸಿಡಿಯುವ ಸಿಟ್ಟು ಬಹಳ ಸಲ ಚೀಟಿ ಕೌಂಟರಿನಲ್ಲಿ ಹುಟ್ಟಿದ್ದು. ಆದ್ದರಿಂದ ಬೈಗುಳ ನಿಮಗೆ ಬಿದ್ದರೂ ಅದು ನಿಮ್ಮ ಮೇಲಿನದ್ದೇ ಆಗಿರಬೇಕೆಂದಿಲ್ಲ.

ಕಾಯುವುದು ಜನಕ್ಕೆ ಹೊಸದಲ್ಲ. ಬ್ಯಾಂಕಿನಲ್ಲಿ, ನಾಡಕಚೇರಿಯಲ್ಲಿ, ರೇಷನ್ ಅಂಗಡಿಯಲ್ಲಿ ಎಲ್ಲ ಕಡೆ ಕಾಯುತ್ತಾರೆ. ಇಲ್ಲಿ ಕೆರಳಿಸುವುದು ಯಾಕೆ ತಡ, ಇನ್ನೆಷ್ಟು ಹೊತ್ತು ಎಂದು ತಿಳಿಯದಿರುವುದು. ಡಾಕ್ಟರು ಸಿಸೇರಿಯನ್ ಮಾಡುತ್ತಿರಬಹುದು, ಕೋರ್ಟಿಗೆ ಸಾಕ್ಷಿ ಹೇಳಲು ಹೋಗಿರಬಹುದು, ಮರಣೋತ್ತರ ಪರೀಕ್ಷೆಯಲ್ಲಿರಬಹುದು. ಬೆಂಚಿನ ಮೇಲೆ ಕೂತವರಿಗೆ ಕಾಣುವುದು ಖಾಲಿ ಕುರ್ಚಿ ಮಾತ್ರ. "ಟೀ ಕುಡಿಯಕ್ಕೆ ಹೋಗವ್ರೆ" ಎಂದು ಒಬ್ಬರು ಅಂದರೆ ಸಾಕು, ಹತ್ತು ಜನ ನಂಬುತ್ತಾರೆ. ಅವರು ಎದ್ದು ಬಂದು ಕೇಳುವುದಕ್ಕೆ ಮುಂಚೆ ನೀವು ಎದ್ದು ಹೋಗಿ ಹೇಳಿ. ಮುಂದಿನ ಉತ್ತರಗಳಲ್ಲಿ ಅರ್ಧದಷ್ಟು ಇದೊಂದು ಕೆಲಸದ ಬೇರೆ ಬೇರೆ ರೂಪ.

ಎಷ್ಟು ಹೊತ್ತಿಗೊಮ್ಮೆ ಹೇಳಬೇಕು? ನಮಗೇ ವಿಷಯ ಗೊತ್ತಿಲ್ಲದಿದ್ದರೆ?

ಅರ್ಧ ಗಂಟೆಗೊಮ್ಮೆ, ಹೊಸ ಸುದ್ದಿ ಇಲ್ಲದಿದ್ದರೂ. ಕಿಟಕಿಯ ಹಿಂದಿನಿಂದ ಕೂಗಿದರೆ ಮೊದಲ ಸಾಲಿನವರಿಗೆ ಮಾತ್ರ ಕೇಳುತ್ತದೆ, ಹಿಂದಿನವರಿಗೆ ಗದರಿದಂತೆ ಅನಿಸುತ್ತದೆ. ಬೆಂಚುಗಳ ಮಧ್ಯೆ ಹೋಗಿ ನಿಂತು ಹೇಳಿ: "ಮೂಳೆ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದಾರೆ. 11 ಗಂಟೆ ಒಳಗೆ ಬರಲಿಕ್ಕಿಲ್ಲ. 11 ಗಂಟೆಗೆ ಮತ್ತೆ ನಾನೇ ಬಂದು ಹೇಳ್ತೀನಿ. ಅಷ್ಟರಲ್ಲಿ ತಿಂಡಿ ತಿನ್ನೋರು ತಿಂದು ಬನ್ನಿ, ಟೋಕನ್ ನಂಬರ್ ಹೋಗಲ್ಲ." ಈ ಕೊನೆಯ ಮಾತು ಬಹಳ ಮುಖ್ಯ. ನಂಬರ್ ತಪ್ಪಿಹೋದೀತೆಂದು ಜನ ಶೌಚಾಲಯಕ್ಕೂ ಹೋಗದೆ ಕೂತಿರುತ್ತಾರೆ. ಸಕ್ಕರೆ ಕಾಯಿಲೆಯವರಿಗೆ, ಗರ್ಭಿಣಿಯರಿಗೆ ಅದು ನರಕ.

ಗೊತ್ತಿಲ್ಲದಿದ್ದರೆ ಅದನ್ನೇ ಹೇಳಿ, ಜೊತೆಗೆ ಯಾವಾಗ ತಿಳಿದುಕೊಂಡು ಬರುತ್ತೀರಿ ಎಂಬುದನ್ನೂ ಹೇಳಿ. ಹೇಳಿದ ಹೊತ್ತಿಗೆ ತಪ್ಪದೆ ಬನ್ನಿ. ಅಂದ ಹೊತ್ತಿಗೆ ಬಂದರೆ, ಆಮೇಲೆ ನೀವು ಹೇಳುವ ಕೆಟ್ಟ ಸುದ್ದಿಯನ್ನೂ ಜನ ಕೇಳುತ್ತಾರೆ.

"ಇನ್ನೈದು ನಿಮಿಷ" ಅಂದರೆ ತಪ್ಪೇನು? ಎಲ್ಲರೂ ಅನ್ನುತ್ತೇವಲ್ಲ?

ಎಲ್ಲರೂ ಅನ್ನುತ್ತೇವೆ, ಗಲಾಟೆಗಳು ಶುರುವಾಗುವುದೂ ಅಲ್ಲಿಂದಲೇ. ಐದು ನಿಮಿಷ ಎಂದು ಕೇಳಿಸಿಕೊಂಡವರು ಗಡಿಯಾರ ನೋಡುತ್ತಾರೆ. ಏಳನೇ ನಿಮಿಷಕ್ಕೆ ಅವರ ಲೆಕ್ಕದಲ್ಲಿ ನೀವು ಸುಳ್ಳುಗಾರರು. ಎರಡನೇ ಸಲ ಐದು ನಿಮಿಷ ಎಂದರೆ, ಆಟ ಆಡಿಸುತ್ತಿದ್ದೀರಿ. ನಿಮಗೆ ಅನಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೇಳಿ. 40 ನಿಮಿಷ ಎಂದು 30 ನಿಮಿಷಕ್ಕೆ ಕರೆದರೆ ಸಂತೋಷ. 20 ಎಂದು 30ಕ್ಕೆ ಕರೆದರೆ ಜಗಳ. ಕಾದದ್ದು ಎರಡರಲ್ಲೂ ಅಷ್ಟೇ ಹೊತ್ತು.

ಸಿಟ್ಟು ಏರುತ್ತಿದೆ ಎಂದು ಮೊದಲೇ ತಿಳಿಯುವುದು ಹೇಗೆ?

ಒಂದೇ ಮನುಷ್ಯ ಮೂರನೇ ಸಲ ಕಿಟಕಿಗೆ ಬಂದರೆ ಅದೇ ಮೊದಲ ಸೂಚನೆ. ಆಮೇಲೆ ಕೂರುವುದಿಲ್ಲ, ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಓಡಾಟ. ಕೈಯಲ್ಲಿರುವ ಚೀಟಿಯನ್ನು ನೋಡಿ: ಬೆಳಿಗ್ಗೆ ಮಡಚಿ ಇಟ್ಟುಕೊಂಡಿದ್ದದ್ದು ಈಗ ಮುದುರಿ, ಅಂಚು ಹರಿದು, ಬೆವರಿಗೆ ಒದ್ದೆಯಾಗಿರುತ್ತದೆ. ದವಡೆ ಬಿಗಿದಿರುತ್ತದೆ, ಉಸಿರು ಮೇಲೆ ಮೇಲೆ ಆಡುತ್ತದೆ. ಮಾತು ನಿಮ್ಮನ್ನು ಬಿಟ್ಟು ಸುತ್ತಲಿನವರ ಕಡೆ ತಿರುಗುತ್ತದೆ: "ನೋಡ್ರಪ್ಪಾ, ಬಡವ್ರಿಗೆ ಇದೇ ಗತಿ." ಇದು ಗಂಭೀರ. ಇಲ್ಲಿಗೆ ಒಬ್ಬರ ಸಿಟ್ಟು ಎಲ್ಲರದಾಗುವುದಕ್ಕೆ ಕೆಲವೇ ನಿಮಿಷ ಉಳಿದಿರುತ್ತದೆ. ಫೋನಿನಲ್ಲಿ "ಎಲ್ರೂ ಬರ್ರೋ" ಎನ್ನುವುದು ಕೇಳಿದರೆ ಕಾಯಬೇಡಿ, ಆಸ್ಪತ್ರೆಯ ನಿವಾಸಿ ವೈದ್ಯಾಧಿಕಾರಿಗೆ (ಆರ್‌ಎಂಒ) ತಿಳಿಸಿ.

ಇನ್ನೊಂದು ಗುರುತು ತಪ್ಪಿಹೋಗುತ್ತದೆ: ಕೂಗುತ್ತಿದ್ದವರು ಇದ್ದಕ್ಕಿದ್ದಂತೆ ಮೌನವಾಗಿ, ಒಬ್ಬರನ್ನೇ ದಿಟ್ಟಿಸತೊಡಗುವುದು. ತಣ್ಣಗಾದರು ಎಂದುಕೊಂಡು ಹತ್ತಿರ ಹೋಗಬೇಡಿ.

ದೊಡ್ಡ ದನಿಯನ್ನೇ ಸಿಟ್ಟು ಎಂದು ತಿಳಿಯುವುದೂ ತಪ್ಪು. ಕಲಬುರಗಿ, ವಿಜಯಪುರ, ಬಾಗಲಕೋಟೆ ಕಡೆಯ ಸಹಜ ದನಿ ಮೈಸೂರಿನ ಕಿವಿಗೆ ಜಗಳದಂತೆ ಕೇಳುತ್ತದೆ. "ಡಾಕ್ಟರ್ ಎಲ್ಲಿ ಅದಾನ?" ಎಂಬಲ್ಲಿ ಏಕವಚನವಿದ್ದರೂ ಅವಮಾನವಿಲ್ಲದಿರಬಹುದು. ವರ್ಗವಾಗಿ ಬಂದ ಸಿಬ್ಬಂದಿ ಇದನ್ನು ಮೊದಲ ವಾರದಲ್ಲೇ ಕೇಳಿ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಇಲ್ಲದ ಜಗಳಕ್ಕೆ ಇವರೇ ಉತ್ತರ ಕೊಡಲು ಹೋಗುತ್ತಾರೆ.

ಒಬ್ಬರು ಕೂಗಾಡುತ್ತಾ ಎದುರಿಗೆ ಬಂದರು. ಮೊದಲ ಒಂದು ನಿಮಿಷ ಏನು ಮಾಡಲಿ?

ಮೊದಲು ನಿಮ್ಮ ಉಸಿರು. ಮೂಗಿನಿಂದ ನಿಧಾನ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡಿ. ನಿಮ್ಮ ದನಿ ನಡುಗಿದರೆ, ಏರಿದರೆ ಮುಂದಿನದ್ದೆಲ್ಲ ಕಷ್ಟ. ಪೆನ್ನು ಕೆಳಗಿಡಿ, ಫೋನು ಜೇಬಿಗೆ ಹಾಕಿ.

ಎರಡು ತೋಳಿನಷ್ಟು ದೂರ ಇರಲಿ. ಎದೆಗೆ ಎದೆ ಕೊಟ್ಟು ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲಿ. ನೇರ ನಿಂತರೆ ಕುಸ್ತಿಗೆ ನಿಂತಂತೆ ಕಾಣುತ್ತದೆ, ಓರೆ ನಿಂತರೆ ನಿಮಗೂ ಹಿಂದೆ ಸರಿಯಲು ಸುಲಭ. ಅಂಗೈ ಕಾಣುವಂತೆ ಕೈ ಹೊಟ್ಟೆಯ ಮಟ್ಟದಲ್ಲಿರಲಿ. ಕೈ ಕಟ್ಟುವುದು, ಸೊಂಟದ ಮೇಲೆ ಇಡುವುದು, ಬೆರಳು ತೋರಿಸುವುದು ಬೇಡ. ಅವರಿಗೂ ಬಾಗಿಲಿಗೂ ಮಧ್ಯೆ ನಿಲ್ಲಬೇಡಿ, ನಿಮ್ಮ ಬೆನ್ನನ್ನೂ ಗೋಡೆಗೆ ಒತ್ತಿಕೊಳ್ಳಬೇಡಿ. ಭುಜ ತಟ್ಟಿ ಸಮಾಧಾನ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಸಿಟ್ಟು ಏರಿರುವಾಗ ಮೈ ಮುಟ್ಟಿದರೆ ಅದನ್ನು ತಳ್ಳಿದ್ದು ಎಂದೇ ತಿಳಿಯುತ್ತಾರೆ.

ಆಮೇಲೆ ಬಾಯಿ ಮುಚ್ಚಿ ಕೇಳಿ. ಒಬ್ಬ ಮನುಷ್ಯ ಎದುರು ಮಾತಿಲ್ಲದೆ ಪೂರ್ತಿ ದನಿಯಲ್ಲಿ ಬಹಳ ಹೊತ್ತು ಕೂಗಲಾರ. ಮಧ್ಯೆ "ಹೂಂ", "ಹೇಳಿ" ಇಷ್ಟೇ. ನಿಮಗೆ ಉತ್ತರ ಗೊತ್ತಿದ್ದರೂ ಮಧ್ಯೆ ಬಾಯಿ ಹಾಕಬೇಡಿ. ಮಾತು ಒಮ್ಮೆ ನಿಂತಾಗ ಅವರು ಹೇಳಿದ್ದನ್ನೇ ಚಿಕ್ಕದಾಗಿ ತಿರುಗಿಸಿ ಹೇಳಿ: "ಬೆಳಿಗ್ಗೆ ಎಂಟಕ್ಕೆ ಬಂದಿದ್ದೀರಿ, ಎರಡು ಕಡೆ ಅಲೆದಾಡಿಸಿದ್ದಾರೆ, ಮಗುಗೆ ಜ್ವರ ಇಳಿದಿಲ್ಲ. ಅಷ್ಟೇ ತಾನೇ?" ಅವರ ಬಾಯಿಂದ "ಹೌದು" ಬಂದರೆ ತಿರುವು ಸಿಕ್ಕಿತು. ಆಗ ಈ ಕ್ಷಣದಲ್ಲಿ ನಿಮ್ಮ ಕೈಯಲ್ಲಿ ಆಗುವ ಒಂದು ಕೆಲಸ ಮಾಡಿ. ಮಗುವಿನ ಜ್ವರ ಅಳೆಯಿರಿ, ಚೀಟಿ ಇಸಿದುಕೊಂಡು ಒಳಗೆ ಹೋಗಿ ನೋಡಿ ಬನ್ನಿ, ಕೂರಲು ಜಾಗ ಕೊಡಿಸಿ. ಅವರು ಕೂತರೆ ನೀವೂ ಕೂತು ಮಾತಾಡಿ. ಕೂತವರು ನಿಂತವರಷ್ಟು ಕೂಗುವುದಿಲ್ಲ.

ಇಷ್ಟೂ ಹೊತ್ತು ಮಾತಾಡುವವರು ಒಬ್ಬರೇ ಇರಬೇಕು. ಸಹಾಯಕ್ಕೆ ಬಂದ ಸಹೋದ್ಯೋಗಿಗಳು ನಾಲ್ಕು ಕಡೆಯಿಂದ ಒಂದೊಂದು ಮಾತು ಎಸೆಯುವುದರಿಂದಲೇ ಆರುತ್ತಿದ್ದ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಉಳಿದವರು ಎರಡು ಹೆಜ್ಜೆ ಹಿಂದೆ, ಕಣ್ಣಿಗೆ ಕಾಣುವಂತೆ, ಸುಮ್ಮನೆ ನಿಲ್ಲಲಿ. ಐದಾರು ನಿಮಿಷದಲ್ಲಿ ನಿಮ್ಮ ಮಾತು ಹತ್ತುತ್ತಿಲ್ಲ ಅನಿಸಿದರೆ ಇನ್ನೊಬ್ಬರಿಗೆ ಬಿಟ್ಟುಕೊಡಿ: "ನಮ್ಮ ಸಿಸ್ಟರ್ ಬಂದ್ರು, ಅವ್ರಿಗೆ ಹೇಳಿ, ಅವ್ರಿಗೆ ಅಧಿಕಾರ ಇದೆ." ಇದರಲ್ಲಿ ಸೋಲೇನಿಲ್ಲ.

ಯಾವ ಮಾತು ಆಡಲೇಬಾರದು?

"ಸಮಾಧಾನ ಮಾಡ್ಕೊಳ್ಳಿ" ಎಂಬುದನ್ನು ಎಲ್ಲರೂ ಒಳ್ಳೆಯ ಮಾತು ಎಂದುಕೊಂಡಿದ್ದಾರೆ. ಸಿಟ್ಟಿನಲ್ಲಿರುವವರಿಗೆ ಅದು "ನಿನ್ನ ಕಷ್ಟ ದೊಡ್ಡದಲ್ಲ" ಎಂದು ಕೇಳುತ್ತದೆ. "ಏನಾಯ್ತು ಹೇಳಿ" ಅನ್ನಿ.

"ಅದು ನನ್ನ ಕೆಲಸ ಅಲ್ಲ" ನಿಜವೇ ಇರಬಹುದು. ಯಾರ ಕೆಲಸವೋ ಅವರ ಹತ್ತಿರ ನಾಲ್ಕು ಹೆಜ್ಜೆ ಜೊತೆಗೆ ನಡೆದು ಬಿಟ್ಟು ಬಂದರೆ ಆ ಮಾತು ಆಡುವ ಪ್ರಸಂಗವೇ ಬರುವುದಿಲ್ಲ. "ಬೇಕಾದ್ರೆ ಪ್ರೈವೇಟಿಗೆ ಹೋಗಿ" ಎಂಬುದು ಬಡವರ ಬಡತನಕ್ಕೆ ಹೊಡೆದ ಏಟು, ಅದಕ್ಕೆ ಕ್ಷಮೆಯಿಲ್ಲ. "ಯಾರಿಗೆ ಬೇಕಾದ್ರೂ ಹೇಳ್ಕೊಳ್ಳಿ" ಎಂದರೆ ಅವರು ನಿಜವಾಗಿಯೂ ಎಲ್ಲರಿಗೂ ಹೇಳುತ್ತಾರೆ. ಆಧಾರ್ ಅಥವಾ ರೇಷನ್ ಕಾರ್ಡ್ ತಂದಿಲ್ಲದವರಿಗೆ "ರೂಲ್ಸು" ಎಂದು ಚೀಟಿ ಹಿಂದೆ ತಳ್ಳುವ ಬದಲು, ಕಾರ್ಡು ಯಾಕೆ ಬೇಕು, ಇವತ್ತು ಅದಿಲ್ಲದೆ ಏನಾಗುತ್ತದೆ, ಏನಾಗುವುದಿಲ್ಲ ಎಂದು ಹೇಳಿ. "ನಾಳೆ ಬನ್ನಿ" ಎನ್ನುವ ಮುಂಚೆ ಯಾವ ಊರಿಂದ ಬಂದಿದ್ದಾರೆ, ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿ.

ಹೇಗೆ ಕರೆದರೆ ಒಳ್ಳೆಯದು?

ಹಳೇ ಮೈಸೂರು ಕಡೆ ವಯಸ್ಸಾದವರಿಗೆ "ಯಜಮಾನ್ರೇ", "ತಾತ", "ಅಜ್ಜಿ", "ಅಮ್ಮ". ಉತ್ತರ ಕರ್ನಾಟಕದಲ್ಲಿ "ಕಾಕಾ", "ಅಣ್ಣಾರ", "ಅಕ್ಕಾರ", "ಯವ್ವಾ". ಹೆಸರು ಚೀಟಿಯಲ್ಲೇ ಇರುತ್ತದೆ. ಹೆಸರಿನ ಕೊನೆಗೆ "ಅವರೇ" ಸೇರಿಸಿ ಕರೆದರೆ ಎಷ್ಟೋ ಜನ ಅಲ್ಲೇ ಅರ್ಧ ತಣ್ಣಗಾಗುತ್ತಾರೆ. "ಏಯ್ 43", "ಏ ಶುಗರ್ ಪೇಷೆಂಟು" ಎಂದು ಕೂಗುವುದನ್ನು ಬಿಡಬೇಕು. ಕಾಯಿಲೆಯ ಹೆಸರನ್ನು ಎಲ್ಲರೆದುರು ಹೇಳುವುದಂತೂ ತಪ್ಪೇ. ಉಡುಗೆ ನೋಡಿ "ನೀನು", "ನೀವು" ಬದಲಾಗುವುದನ್ನು ಬೆಂಚಿನವರೆಲ್ಲ ಗಮನಿಸುತ್ತಾರೆ. ಯಾರು ಬಂದರೂ "ನೀವು" ಇರಲಿ. ಉರ್ದು, ತೆಲುಗು, ತುಳು, ಲಂಬಾಣಿ, ಮರಾಠಿ ಬಲ್ಲ ಸಿಬ್ಬಂದಿ ಯಾರು, ಯಾವ ಪಾಳಿಯಲ್ಲಿದ್ದಾರೆ ಎಂಬ ಪಟ್ಟಿ ಕೌಂಟರಿನಲ್ಲಿ ಅಂಟಿಸಿಡಿ. ನೋವಿನಲ್ಲಿರುವವರು ಮನೆಮಾತಿನ ಎರಡು ಶಬ್ದ ಕೇಳಿದರೆ ಉಸಿರು ಬಿಡುತ್ತಾರೆ.

"ನಮಗಿಂತ ಹಿಂದೆ ಬಂದವರನ್ನ ಒಳಗೆ ಬಿಟ್ರಿ" ಎಂಬ ಜಗಳಕ್ಕೆ ಏನು ಉತ್ತರ?

ಎರಡು ಸಂಗತಿಗಳಿವೆ, ಬೇರೆ ಬೇರೆ. ತುರ್ತು ವಿಭಾಗದಲ್ಲಿ ಬಂದ ಸರದಿಗಿಂತ ಪ್ರಾಣದ ಅಪಾಯ ಮುಖ್ಯ. ರೋಗಿಗೆ ಕೊಡುವ ಬಣ್ಣ ಕೆಂಪು ಎಂದರೆ ಈಗಲೇ, ಹಳದಿ ಎಂದರೆ ಬೇಗ, ಹಸಿರು ಎಂದರೆ ಕಾಯಬಹುದು. ಇದನ್ನು ಚಿತ್ರದೊಂದಿಗೆ ದೊಡ್ಡ ಬೋರ್ಡಿನಲ್ಲಿ ಬಾಗಿಲಲ್ಲೇ ಹಾಕಿ. ಬಾಯಲ್ಲಿ ಹೀಗೆ ಹೇಳಿ: "ಅವರಿಗೆ ಎದೆನೋವು, ಇಸಿಜಿ ತಕ್ಷಣ ಆಗಬೇಕು. ನಿಮ್ಮ ಕೈ ಮುರಿದಿದೆ, ನೋವಿದೆ ಅಂತ ಗೊತ್ತು. ನೋವಿಗೆ ಇಂಜೆಕ್ಷನ್ ಈಗ ಕೊಡಿಸ್ತೀನಿ, ಎಕ್ಸ್‌ರೇಗೆ ಅವರ ನಂತರ." ಹಸಿರು ಎಂದು ಕೂರಿಸಿದವರನ್ನು ಮರೆಯಬೇಡಿ. ಕಾಯುವಾಗಲೇ ಸ್ಥಿತಿ ಕೆಡುವುದುಂಟು, ಮತ್ತೆ ಮತ್ತೆ ಹೋಗಿ ನೋಡಬೇಕು.

ಎರಡನೆಯದು "ನಮ್ಮವರು". ಸಿಬ್ಬಂದಿಯ ಪಕ್ಕದ ಮನೆಯವರು, ಪರಿಚಯದ ಮೇಷ್ಟ್ರು, ಯಾರದೋ ಚೀಟಿ ಹಿಡಿದು ಪಕ್ಕದ ಬಾಗಿಲಿನಿಂದ ಒಳಗೆ. ಈ ಕಾರಣಕ್ಕೆ ಜಗಳವಾದರೆ ಸಮಾಧಾನದ ಯಾವ ತಂತ್ರವೂ ನಡೆಯುವುದಿಲ್ಲ, ನಡೆಯಲೂಬಾರದು, ಏಕೆಂದರೆ ಅವರು ಹೇಳುತ್ತಿರುವುದು ಸರಿ. ಪಕ್ಕದ ಬಾಗಿಲು ಮುಚ್ಚಿ. ಹಣ ಕೇಳಿದ್ದಾರೆ ಎಂಬ ದೂರಾದರೂ ಅಷ್ಟೇ. ಸಮಜಾಯಿಷಿ ಕೊಡದೆ ಯಾರು, ಯಾವಾಗ, ಎಷ್ಟು ಎಂದು ಬರೆದುಕೊಂಡು ಆಡಳಿತ ವೈದ್ಯಾಧಿಕಾರಿಗೆ ಕೊಡಿ. ಲೋಕಾಯುಕ್ತಕ್ಕೂ ದೂರು ಕೊಡಬಹುದು ಎಂಬುದನ್ನು ಅವರಿಂದ ಮುಚ್ಚಿಡಬೇಡಿ.

ಹಾವು ಕಡಿದವರ ಕಡೆಯವರು "ಇನ್ನೂ ಇಂಜೆಕ್ಷನ್ ಕೊಟ್ಟಿಲ್ಲ" ಎಂದು ಮುಗಿಬೀಳುತ್ತಾರೆ. ಏನು ಹೇಳಬೇಕು?

ಇದು ತುರ್ತು ವಿಭಾಗದಲ್ಲಿ ಹೆಚ್ಚು ಗಲಾಟೆ ಮಾಡಿಸುವ ಸಂದರ್ಭಗಳಲ್ಲೊಂದು. ಇಲ್ಲಿ ಮಾಹಿತಿಯೇ ಮದ್ದು. ವಿಷ ಏರಿದೆಯೇ ಎಂದು ತಿಳಿಯಲು ಒಣಗಿದ, ಶುಚಿಯಾದ ಗಾಜಿನ ಕೊಳವೆಯಲ್ಲಿ ರೋಗಿಯ ಸುಮಾರು 2 ಮಿಲಿ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಹೆಪ್ಪುಗಟ್ಟಿತೇ ಎಂದು ಓರೆ ಮಾಡಿ ನೋಡುತ್ತಾರೆ. ಮಂಡಲದ ಹಾವಿನಂಥವುಗಳ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ವಿಷ ಏರಿದ ಗುರುತು ಇಲ್ಲದವರಿಗೆ ಪ್ರತಿವಿಷದ ಇಂಜೆಕ್ಷನ್ ಕೊಡುವುದಿಲ್ಲ, ಏಕೆಂದರೆ ಅದರಿಂದಲೇ ಪ್ರಾಣಕ್ಕೆ ಕುತ್ತಾಗುವ ಅಲರ್ಜಿ ಬರಬಹುದು. ಕಣ್ಣುರೆಪ್ಪೆ ಜೋತುಬಿದ್ದರೆ, ಉಸಿರು ಕಷ್ಟವಾದರೆ ಆ 20 ನಿಮಿಷಕ್ಕೂ ಕಾಯುವುದಿಲ್ಲ.

ಹೊರಗೆ ನಿಂತವರಿಗೆ ಇದಾವುದೂ ಕಾಣುವುದಿಲ್ಲ. ರೋಗಿ ಮಂಚದ ಮೇಲಿದ್ದಾರೆ, ಸಿಸ್ಟರ್ ಗಡಿಯಾರ ನೋಡುತ್ತಾ ನಿಂತಿದ್ದಾರೆ. ಮನೆಯವರಲ್ಲಿ ಒಬ್ಬರನ್ನು ಕರೆದು ಆ ಕೊಳವೆ ತೋರಿಸಿ: "ಇದು 10.10ಕ್ಕೆ ಇಟ್ಟಿದ್ದು. 10.30ಕ್ಕೆ ನಿಮ್ಮೆದುರಿಗೇ ನೋಡ್ತೀವಿ. ಹೆಪ್ಪುಗಟ್ಟಿಲ್ಲ ಅಂದ್ರೆ ತಕ್ಷಣ ಶುರು. ಗಟ್ಟಿಯಾಗಿದ್ರೂ ಮನೆಗೆ ಕಳಿಸಲ್ಲ, 24 ಗಂಟೆ ಇಟ್ಕೊಂಡು ಮತ್ತೆ ಮತ್ತೆ ನೋಡ್ತೀವಿ." ಗಾಜಿನ ಕೊಳವೆಯನ್ನು ಕಣ್ಣಾರೆ ಕಂಡ ಆ ಒಬ್ಬರೇ ಹೊರಗೆ ಹೋಗಿ ಉಳಿದ ಇಪ್ಪತ್ತು ಜನಕ್ಕೆ ನಿಮಗಿಂತ ಚೆನ್ನಾಗಿ ಹೇಳುತ್ತಾರೆ.

ನಾಯಿ ಕಡಿತದ ಲಸಿಕೆಗೆ ಕಾಯುವವರು?

ಇವರಿಗೆ ಕಾಯುವ ಹೊತ್ತನ್ನೇ ಚಿಕಿತ್ಸೆಯಾಗಿ ಮಾಡಿ. ಗಾಯವನ್ನು ಸೋಪು ಹಾಕಿ, ಹರಿಯುವ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಮನೆಯಲ್ಲಿ ಯಾರೂ ಅಷ್ಟು ಹೊತ್ತು ತೊಳೆದಿರುವುದಿಲ್ಲ, ಕೆಲವರು ಅರಿಶಿನ, ಸುಣ್ಣ ಮೆತ್ತಿಕೊಂಡು ಬಂದಿರುತ್ತಾರೆ. ನಲ್ಲಿ ತೋರಿಸಿ, ಸೋಪು ಕೊಟ್ಟು ಯಾಕೆಂದು ಹೇಳಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ ಬರಬೇಕು. ಆ ತಾರೀಕುಗಳನ್ನು ಇದೇ ಹೊತ್ತಿನಲ್ಲಿ ಬರೆದುಕೊಡಿ. ಒಂದು ವಯಲ್ (ಲಸಿಕೆಯ ಸೀಸೆ) ಹಲವರಿಗೆ ಆಗುತ್ತದೆಂದು "ಇನ್ನಿಬ್ಬರು ಬರಲಿ" ಎಂದು ಕೂರಿಸುವುದು ಸರಿಯಲ್ಲ. ಕಚ್ಚಿಸಿಕೊಂಡು ಹೆದರಿ ಬಂದವರನ್ನು ಲಸಿಕೆ ಉಳಿಸಲು ಕಾಯಿಸಿದರೆ ಸಿಟ್ಟು ಬರುವುದು ನ್ಯಾಯ.

ಕುಡಿದು ಬಂದು ರಂಪ ಮಾಡುವವರನ್ನು ಹೇಗೆ ನಿಭಾಯಿಸುವುದು?

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ನಿಜಕ್ಕೂ ಕುಡಿತವೇ? ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಮನುಷ್ಯ ಬೆವರುತ್ತಾನೆ, ನಡುಗುತ್ತಾನೆ, ತೊದಲುತ್ತಾನೆ, ರೇಗುತ್ತಾನೆ. ಇನ್ಸುಲಿನ್ ತೆಗೆದುಕೊಂಡು ತಿಂಡಿ ತಿನ್ನದೆ ಸಾಲಿನಲ್ಲಿ ನಿಂತವರಿಗೆ ಇದು ಸುಲಭವಾಗಿ ಆಗಬಹುದು. ತಲೆಗೆ ಪೆಟ್ಟು, ಆಮ್ಲಜನಕ ಕೊರತೆ, ಜೋರು ಜ್ವರ, ಸೋಡಿಯಂ ಇಳಿತ, ಫಿಟ್ಸ್ ಬಂದುಹೋದ ನಂತರದ ಮಂಪರು, ಎಲ್ಲವೂ ಹೊರಗಿನಿಂದ "ಕುಡಿದವರ ಆಟ"ದಂತೆ ಕಾಣುತ್ತವೆ. ಹೆಂಡದ ವಾಸನೆ ಬಂದರೂ ಇವು ಇಲ್ಲವೆಂದು ಹೇಳಲಾಗದು, ಎರಡೂ ಒಟ್ಟಿಗಿರಬಹುದು. ಒಂದು ಹನಿ ರಕ್ತ, ಗ್ಲುಕೋಮೀಟರ್, ಬೆರಳಿಗೆ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್: ಎರಡು ನಿಮಿಷದ ಕೆಲಸ. ಸಕ್ಕರೆ ಕಡಿಮೆಯಿದ್ದು ನುಂಗಲು ಆಗುವಂತಿದ್ದರೆ 15 ಗ್ರಾಂ ಗ್ಲುಕೋಸ್, ಅಂದಾಜು ಮೂರು ಟೀ ಚಮಚ, ನೀರಿನಲ್ಲಿ ಕಲಸಿ ಕುಡಿಸಿ 15 ನಿಮಿಷಕ್ಕೆ ಮತ್ತೆ ನೋಡಿ. ಮಂಪರಿನಲ್ಲಿದ್ದರೆ ಬಾಯಿಗೆ ಏನನ್ನೂ ಹಾಕದೆ ಒಳಗೆ ಒಯ್ಯಿರಿ.

ದಿನಾ ಕುಡಿಯುವವರು ಬಿಟ್ಟರೂ ಹೀಗಾಗುತ್ತದೆ. ಕೊನೆಯ ಕುಡಿತದ ಆರೇಳು ಗಂಟೆಯ ನಂತರ ಕೈ ನಡುಕ ಶುರು, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ಯಾರೋ ಹೊಡೆಯಲು ಬಂದರೆಂದು ಹೆದರುವುದು. ವಾರ್ಡಿನಲ್ಲಿ ಮಲಗಿದ್ದ ರೋಗಿ ಮೂರನೇ ರಾತ್ರಿ ಸಲೈನ್ ಕಿತ್ತೆಸೆದು ಓಡಿದರೆ ಬೈಯಬೇಡಿ, ವೈದ್ಯರನ್ನು ಕರೆಯಿರಿ. ಅದಕ್ಕೆ ಔಷಧಿ ಇದೆ, ನಿರ್ಲಕ್ಷಿಸಿದರೆ ಸಾವೂ ಬರಬಹುದು.

ಬರೀ ಕುಡಿತವೇ ಎಂದು ಖಚಿತವಾದರೆ ಬುದ್ಧಿವಾದ ಬೇಡ, ವಾದ ಬೇಡ. ಚಿಕ್ಕ ವಾಕ್ಯ, ಒಂದು ಸಲಕ್ಕೆ ಒಂದೇ ಮಾತು: "ಇಲ್ಲಿ ಕೂರಿ. ನೀರು ಕುಡೀರಿ." ನೋಡಿ ನಗುವ ಜನರನ್ನು ದೂರ ಕಳಿಸಿ. ಪ್ರೇಕ್ಷಕರಿದ್ದಷ್ಟೂ ರಂಪ ಹೆಚ್ಚು.

ಇಡೀ ಊರೇ ಟೆಂಪೊದಲ್ಲಿ ಬಂದು ನಿಂತಿದೆ. ಇಷ್ಟು ಜನರ ಜೊತೆ ಹೇಗೆ ಮಾತಾಡುವುದು?

ಇಷ್ಟು ಜನರ ಜೊತೆ ಮಾತಾಡಲಾಗದು, ಆ ಪ್ರಯತ್ನವನ್ನೇ ಮಾಡಬೇಡಿ. "ರೋಗಿಗೆ ಹತ್ತಿರದವರು ಯಾರು? ಒಬ್ಬರು ಮನೆಯವರು, ಒಬ್ಬರು ಊರಿನ ಹಿರಿಯರು, ಇಬ್ಬರು ನನ್ನ ಜೊತೆ ಬನ್ನಿ" ಎಂದು ಕರೆಯಿರಿ. ಎಲ್ಲರಿಗಿಂತ ಜೋರಾಗಿ ಕೂಗುವವರು ಬಹಳ ಸಲ ರಕ್ತಸಂಬಂಧಿಗಳಾಗಿರುವುದಿಲ್ಲ. ನಿಜವಾದ ಮನೆಯವರು ಮೂಲೆಯಲ್ಲಿ ಗೋಡೆಗೆ ಒರಗಿ ಮೌನವಾಗಿ ಕೂತಿರುತ್ತಾರೆ, ಅವರನ್ನು ಹುಡುಕಿ. ಊರಿನ ಆಶಾ ಕಾರ್ಯಕರ್ತೆ ಜೊತೆಗಿದ್ದರೆ ನಿಮ್ಮ ಅದೃಷ್ಟ. ಅವರ ಮಾತು ಆ ಜನಕ್ಕೆ ಹತ್ತುತ್ತದೆ.

ಇಬ್ಬರನ್ನೂ ಒಳಗೆ ಕೂರಿಸಿ ವಿಷಯ ತಿಳಿಸಿ. ಅರ್ಧ ಗಂಟೆಗೊಮ್ಮೆ ಅದೇ ಇಬ್ಬರಿಗೆ, ಅದೇ ಸಿಬ್ಬಂದಿ ಹೇಳಲಿ. ಪಾಳಿ ಬದಲಾದಾಗ ಹೊಸಬರಿಗೆ ಅವರ ಪರಿಚಯ ಮಾಡಿಸಿ ಹೊರಡಿ. ಒಬ್ಬ ಸಿಸ್ಟರ್ "ಪರವಾಗಿಲ್ಲ" ಎಂದು, ಮತ್ತೊಬ್ಬರು "ಸೀರಿಯಸ್ಸು" ಎಂದರೆ ಆಮೇಲೆ ಯಾರ ಮಾತನ್ನೂ ನಂಬುವುದಿಲ್ಲ.

ಸಾವಿನ ಸುದ್ದಿಯನ್ನು ಯಾರು, ಎಲ್ಲಿ, ಹೇಗೆ ಹೇಳಬೇಕು?

ವೈದ್ಯರೇ ಹೇಳಬೇಕು, ಜೊತೆಗೆ ಒಬ್ಬರು ಶುಶ್ರೂಷಾಧಿಕಾರಿ ಇರಬೇಕು. ಕಾರಿಡಾರಿನಲ್ಲಿ ನಿಂತು, ಬಾಗಿಲ ಸಂದಿಯಿಂದ ಇಣುಕಿ ಹೇಳಬಾರದು. ಒಂದು ಕೋಣೆ, ನಾಲ್ಕು ಕುರ್ಚಿ, ಕುಡಿಯುವ ನೀರು, ಒಳಗೆ ಇಬ್ಬರು ಮೂವರು ಮನೆಯವರು. ವೈದ್ಯರ ಕುರ್ಚಿ ಬಾಗಿಲ ಪಕ್ಕಕ್ಕಿರಲಿ. ಕೋಟಿನ ಮೇಲೆ ರಕ್ತದ ಕಲೆಯಿದ್ದರೆ ಬದಲಿಸಿಕೊಂಡು ಬನ್ನಿ.

ಮೊದಲು "ಕೆಟ್ಟ ಸುದ್ದಿ ಹೇಳಬೇಕಾಗಿದೆ" ಎಂಬ ಮುನ್ಸೂಚನೆ. ಆಮೇಲೆ ತಿರುಗಿಸದೆ, "ತೀರಿಕೊಂಡರು" ಎಂಬ ಪದವನ್ನೇ ಬಳಸಿ. "ಕೈಮೀರಿದೆ", "ನಮ್ಮ ಪ್ರಯತ್ನ ನಾವು ಮಾಡಿದ್ವಿ" ಎಂದರೆ ಇನ್ನೂ ಜೀವವಿದೆ ಎಂದುಕೊಂಡು ಬೆಂಗಳೂರಿಗೆ ಒಯ್ಯಲು ಆಂಬುಲೆನ್ಸ್ ಹುಡುಕಲು ಹೊರಡುತ್ತಾರೆ. ಆಮೇಲೆ ನಿಜ ತಿಳಿದಾಗ ಮೋಸಹೋದೆವು ಎನ್ನುತ್ತಾರೆ. ಹೇಳಿ ಮುಗಿಸಿದ ಮೇಲೆ ಸುಮ್ಮನಿರಿ. ಅಳಲು, ನೆಲಕ್ಕೆ ಬೀಳಲು, ಎದೆ ಬಡಿದುಕೊಳ್ಳಲು ಬಿಡಿ. ಅದು ದುಃಖ, ದಾಳಿಯಲ್ಲ. ಅಲ್ಲಿ ಲಾಠಿ ಹಿಡಿದವರು ಬಂದು ನಿಂತರೆ ದುಃಖ ರೋಷವಾಗುತ್ತದೆ.

ಅದಕ್ಕೂ ಮುಂಚಿನ ಕೆಲಸ ಇನ್ನೂ ಮುಖ್ಯ. ರೋಗಿಯ ಸ್ಥಿತಿ ಕೆಡತೊಡಗಿದಾಗಲೇ ಹಂತ ಹಂತವಾಗಿ ತಿಳಿಸಿರಬೇಕು. "ಈಗಷ್ಟೇ ಚೆನ್ನಾಗಿದ್ದಾರೆ ಅಂದ್ರಲ್ಲ" ಎಂಬ ಮಾತಿನಿಂದ ಶುರುವಾದ ಗಲಾಟೆ ಬೇಗ ನಿಲ್ಲುವುದಿಲ್ಲ.

ಅಪಘಾತ, ವಿಷ, ಹಾವು ಕಡಿತದಂಥ ಪ್ರಕರಣಗಳಲ್ಲಿ ಮರಣೋತ್ತರ ಪರೀಕ್ಷೆಯ ಮಾತು ಬರುತ್ತದೆ. ಅದನ್ನು ಸಾವಿನ ಸುದ್ದಿಯ ಜೊತೆಗೇ ಹೇಳದೆ, ಸ್ವಲ್ಪ ಹೊತ್ತಿನ ನಂತರ ಹೇಳಿ. ಪೊಲೀಸರು ಯಾಕೆ ಬರುತ್ತಾರೆ, ಎಷ್ಟು ಹೊತ್ತಾಗಬಹುದು, ದೇಹ ಯಾವಾಗ ಕೈಗೆ ಸಿಗುತ್ತದೆ, ಪರಿಹಾರಕ್ಕೆ ಆ ವರದಿ ಯಾಕೆ ಬೇಕಾಗಬಹುದು ಎಂದು ಬಿಡಿಸಿ ತಿಳಿಸಿ. ಸೂರ್ಯಾಸ್ತದ ನಂತರವೂ ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಲು ಕೇಂದ್ರ ಸರ್ಕಾರ 2021ರ ನವೆಂಬರ್‌ನಲ್ಲಿ ಅವಕಾಶ ಕೊಟ್ಟಿದೆ. ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ದೇಹ, ಅನುಮಾನಾಸ್ಪದ ಸಾವುಗಳಿಗೆ ಸಾಮಾನ್ಯವಾಗಿ ಇದು ಅನ್ವಯಿಸುವುದಿಲ್ಲ. ನಿಮ್ಮಲ್ಲಿ ಆಗುತ್ತದೋ ಇಲ್ಲವೋ ತಿಳಿದುಕೊಂಡೇ ಮಾತಾಡಿ.

ಮೊಬೈಲಿನಲ್ಲಿ ವಿಡಿಯೊ ಮಾಡಲು ಶುರು ಮಾಡಿದರೆ?

ಫೋನು ಕಿತ್ತುಕೊಳ್ಳಬೇಡಿ, ಕೈ ಅಡ್ಡ ಹಿಡಿಯಬೇಡಿ. ಆಮೇಲೆ ಎಲ್ಲರ ಫೋನಿಗೆ ಹೋಗುವುದು ಅದೇ ಮೂರು ಸೆಕೆಂಡು. "ನಿಮ್ಮ ದೂರು ಹೇಳಿ, ಬರ್ಕೋತೀನಿ. ಬೇರೆ ರೋಗಿಗಳ ಮುಖ ಬರ್ತಿದೆ, ಹೆಣ್ಣುಮಕ್ಕಳಿದ್ದಾರೆ, ಈ ಕಡೆ ಬನ್ನಿ ಮಾತಾಡೋಣ" ಎನ್ನಿ. ಕ್ಯಾಮೆರಾ ಇಲ್ಲದಾಗ ಹೇಗೆ ಮಾತಾಡುತ್ತೀರೋ ಹಾಗೆಯೇ ಮಾತಾಡಿ.

"ಸಾಹೇಬ್ರು ಲೈನಲ್ಲಿದ್ದಾರೆ, ಮಾತಾಡಿ" ಎಂದು ಫೋನು ಕೊಟ್ಟರೆ?

ತೆಗೆದುಕೊಳ್ಳಿ, ನಮಸ್ಕಾರ ಹೇಳಿ, ರೋಗಿ ಎಲ್ಲಿದ್ದಾರೆ, ಮುಂದೇನು ಎಂಬುದನ್ನು ಎರಡು ವಾಕ್ಯದಲ್ಲಿ ತಿಳಿಸಿ. ಹೆಚ್ಚಿನದಕ್ಕೆ ಆರ್‌ಎಂಒ ಅಥವಾ ಆಡಳಿತ ವೈದ್ಯಾಧಿಕಾರಿಯ ಕಚೇರಿ ಸಂಖ್ಯೆ ಕೊಡಿ. ಸರದಿ ಬದಲಾಯಿಸುವ ಅಧಿಕಾರ ನಿಮಗಿಲ್ಲ ಎಂಬುದೇ ಇಲ್ಲಿ ನಿಮ್ಮ ರಕ್ಷಣೆ.

ಮಾತು ನಿಲ್ಲಿಸಿ ಹಿಂದೆ ಸರಿಯಬೇಕಾದದ್ದು ಯಾವಾಗ?

ಕೈಗೆ ಕಲ್ಲು, ಸಲೈನ್ ಸ್ಟ್ಯಾಂಡ್, ಬಾಟಲಿ ಬಂದಾಗ. ಯಾರನ್ನಾದರೂ ತಳ್ಳಿದಾಗ. "ಹೊರಗೆ ಸಿಗು, ನೋಡ್ಕೋತೀನಿ" ಎಂದು ಒಬ್ಬರ ಹೆಸರು ಹಿಡಿದು ಬೆದರಿಸಿದಾಗ. ಇಲ್ಲಿಂದ ಮುಂದೆ ಸಮಾಧಾನಪಡಿಸುವುದು ನಿಮ್ಮ ಕೆಲಸವಲ್ಲ. ಬೆನ್ನು ತೋರಿಸದೆ ಹಿಂದೆ ಸರಿದು, ಚಿಲಕವಿರುವ ಕೋಣೆ ಸೇರಿ, 112ಕ್ಕೆ ಕರೆ ಮಾಡಿ. ಹತ್ತಿರದ ಠಾಣೆಯ ಸಂಖ್ಯೆಯೂ ಗೋಡೆಯ ಮೇಲಿರಲಿ. ಉಪಕರಣ ಒಡೆದರೆ ಒಡೆಯಲಿ, ಅಡ್ಡ ನಿಲ್ಲಬೇಡಿ.

ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ಮತ್ತು ಆಸ್ತಿ ಹಾನಿ ತಡೆಗೆ 2009ರ ಕಾಯ್ದೆ ಇದೆ. ಅದರಡಿ ಇದು ಜಾಮೀನುರಹಿತ ಅಪರಾಧ, ವಾರಂಟ್ ಇಲ್ಲದೆ ಬಂಧಿಸಬಹುದು, ಹಾಳಾದ ಆಸ್ತಿಯ ಬೆಲೆಯ ಎರಡು ಪಟ್ಟು ವಸೂಲಿಗೂ ಅವಕಾಶವಿದೆ. ಶುಶ್ರೂಷಕರು, ಅರೆವೈದ್ಯಕೀಯ ಸಿಬ್ಬಂದಿಯೂ ಇದರ ರಕ್ಷಣೆಯಲ್ಲಿದ್ದಾರೆ. ಸರ್ಕಾರಿ ನೌಕರರಿಗೆ, ಅವರ ಕರ್ತವ್ಯ ತಡೆಯಲು ಹಲ್ಲೆ ಮಾಡುವವರನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಕೂಡ ಇದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೇಂದ್ರದ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳಿಗೆ ಹೊರಡಿಸಿದ ಸೂಚನೆಯಂತೆ ಘಟನೆಯಾದ 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ಮಾಡಿಸಬೇಕು. ಏಟು ತಿಂದ ಸಿಸ್ಟರ್ ಒಬ್ಬರೇ ಠಾಣೆಗೆ ಅಲೆಯುವಂತಾಗಬಾರದು ಎಂಬ ಈ ನಿಯಮ ಎಲ್ಲ ಆಸ್ಪತ್ರೆಗಳಿಗೂ ಒಳ್ಳೆಯದು. ಆದರೆ ಜಗಳದ ಮಧ್ಯೆ ಕಾಯ್ದೆಯ ಹೆಸರು ಹೇಳಿ ಹೆದರಿಸಬೇಡಿ. ಅದು ಬೋರ್ಡಿನ ಮೇಲಿರಲಿ.

ಕಡಿಮೆ ಖರ್ಚಿನಲ್ಲಿ ಜಾಗವನ್ನು ಹೇಗೆ ಸರಿಪಡಿಸಬಹುದು?

ಒಂದು ಬಿಳಿ ಹಲಗೆ, ಎರಡು ಮಾರ್ಕರ್: ಇವತ್ತಿನ ಡಾಕ್ಟರ ಹೆಸರು, ಈಗ ನೋಡುತ್ತಿರುವ ಟೋಕನ್, ತಡವಾದರೆ ಕಾರಣ. ಓದಲು ಬಾರದವರಿಗಾಗಿ ಕೈಮೈಕ್ ಇರಲಿ. ಕೆಲಸ ಮಾಡುವ ಫ್ಯಾನು, ಕುಡಿಯುವ ನೀರು, ಬೀಗ ಹಾಕದ ಶೌಚಾಲಯ. ಸಲೈನ್ ಸ್ಟ್ಯಾಂಡು, ಮುರಿದ ಕುರ್ಚಿಯ ಕಾಲು, ಹೂವಿನ ಕುಂಡ, ಗಾಜಿನ ಮೇಜು ಕಾಯುವ ಜಾಗದಲ್ಲಿರಬಾರದು. ನೀವು ಕೂರುವ ಕುರ್ಚಿಯಿಂದ ಒಳಬಾಗಿಲಿಗೆ ಅಡ್ಡಿಯಿಲ್ಲದ ದಾರಿ ಇರಬೇಕು, ಇದನ್ನು ಇವತ್ತೇ ಎದ್ದು ನಡೆದು ನೋಡಿ. ಸಹಾಯ ಕೇಳಲು ಒಂದು ಗುಟ್ಟಿನ ಮಾತು ಮೊದಲೇ ಗೊತ್ತುಮಾಡಿಕೊಳ್ಳಿ. "ಹಸಿರು ಫೈಲ್ ತಗೊಂಡು ಬನ್ನಿ" ಎಂದರೆ ಇಬ್ಬರು ಬರಬೇಕು ಎಂಬುದು ಎಲ್ಲ ಪಾಳಿಗೂ ತಿಳಿದಿರಲಿ.

ಸೆಕ್ಯೂರಿಟಿಯವರನ್ನು ಗೇಟಿನಲ್ಲೇ ನಿಲ್ಲಿಸುವುದಕ್ಕಿಂತ ಒಬ್ಬರು ಬೆಂಚುಗಳ ನಡುವೆ ಓಡಾಡಲಿ. ಲಾಠಿಗಿಂತ ಅವರಿಗೆ ಯಾವ ಕೋಣೆ ಎಲ್ಲಿದೆ ಎಂಬ ಮಾಹಿತಿ ಕೊಡಿ. ದಾರಿ ತೋರಿಸುವವರ ಜೊತೆ ಜನ ಜಗಳ ಆಡುವುದು ಕಡಿಮೆ.

ತಪ್ಪು ನಮ್ಮ ಕಡೆಯೇ ಇದ್ದರೆ?

"ನಮ್ಮಿಂದ ತಪ್ಪಾಯ್ತು, ನಿಮ್ಮ ಚೀಟಿ ಕೆಳಗೆ ಸೇರಿಹೋಗಿತ್ತು, ಈಗ ಮುಂದಿನ ಹೆಸರು ನಿಮ್ಮದೇ." ಇಷ್ಟು ಹೇಳಲು ಯಾವ ಮೇಲಧಿಕಾರಿಯ ಅನುಮತಿಯೂ ಬೇಡ. "ಆದರೆ" ಎಂದು ಮುಂದುವರಿಸಿದರೆ ಕೇಳಿದ ಕ್ಷಮೆ ಹೋಯಿತು. ಚಿಕಿತ್ಸೆಯಲ್ಲಿ ತಪ್ಪಾಗಿದೆ ಎಂಬ ದೂರಾದರೆ ಮಾತ್ರ ಅದನ್ನು ವೈದ್ಯರಿಗೆ ಬಿಡಿ. ಅಲ್ಲಿ ಊಹೆಯಿಂದ ಒಪ್ಪುವುದೂ ತಪ್ಪು, ಅಲ್ಲಗಳೆಯುವುದೂ ತಪ್ಪು.

ಬೈಸಿಕೊಂಡ ಸಿಬ್ಬಂದಿಗೆ ಏನು ಮಾಡಬೇಕು?

ಕೂಡಲೇ ಅದೇ ಕಿಟಕಿಯಲ್ಲಿ ಕೂರಿಸಬೇಡಿ. ಹದಿನೈದು ನಿಮಿಷ ಒಳಗೆ ಕೂರಲಿ, ನೀರು ಕುಡಿಯಲಿ, ಕೈ ನಡುಕ ನಿಲ್ಲಲಿ. ಇಲ್ಲದಿದ್ದರೆ ಆ ಸಿಟ್ಟು ಮುಂದಿನ ಬಡಪಾಯಿಯ ಮೇಲೆ ಹೋಗುತ್ತದೆ. "ಇದೆಲ್ಲ ಮಾಮೂಲಿ ಬಿಡಿ" ಎನ್ನಬೇಡಿ. ಅದೇ ದಿನ ರಿಜಿಸ್ಟರಿನಲ್ಲಿ ಬರೆಯಿರಿ: ಗಂಟೆ, ಜಾಗ, ಕಾದ ಹೊತ್ತು, ಆಡಿದ ಮಾತು ಇದ್ದ ಹಾಗೆ, ಯಾರು ಬಂದರು, ಹೇಗೆ ಮುಗಿಯಿತು. ತಿಂಗಳಿಗೊಮ್ಮೆ ಓದಿದರೆ ಎಲ್ಲ ಜಗಳ ಸೋಮವಾರ 11ರಿಂದ 1ರವರೆಗೆ, ಔಷಧಿ ಕಿಟಕಿಯಲ್ಲೇ ಎಂಬಂಥ ಸತ್ಯ ಸಿಗಬಹುದು. ಆಗ ಬೇಕಾಗಿರುವುದು ಇನ್ನೊಬ್ಬ ಔಷಧಿ ಕೊಡುವವರು.

ಗಲಾಟೆ ಮಾಡಿದವರೇ ಮಾರನೇ ದಿನ ಚಿಕಿತ್ಸೆಗೆ ಬಂದರೆ?

ಎಲ್ಲರಂತೆ ಚೀಟಿ, ಎಲ್ಲರಂತೆ ಸರದಿ. ಹಿಂದಿನ ದಿನ ಎದುರಿಗಿದ್ದ ಸಿಬ್ಬಂದಿಗೆ ಕಷ್ಟವಾದರೆ ಬೇರೆಯವರು ನೋಡಿಕೊಳ್ಳಲಿ. ಬಹಳ ಸಲ ಅವರೇ ಕಿಟಕಿಯ ಹತ್ತಿರ ನಿಂತು, ಮುಖ ನೋಡಲಾರದೆ, "ನಿನ್ನೆ ಏನೋ ಅಂದ್ಬಿಟ್ಟೆ ಸಿಸ್ಟರ್" ಅನ್ನುತ್ತಾರೆ. "ಇರ್ಲಿ ಬಿಡಿ. ಮಗು ಜ್ವರ ಹೇಗಿದೆ?" ಎಂದು ಕೇಳಿ, ಚೀಟಿ ಇಸಿದುಕೊಳ್ಳಿ.